ಹಳೇ ಪಿಸಿ, ಜಿಟಿಎ 4, ಮತ್ತೆ ಡಿಎಕ್ಸ್‌ವಿಕೆ ಅನ್ನೋ ಪುಣ್ಯಾತ್ಮ

ನನ್ನ ಪಿಸಿಯಲ್ಲಿ ಜಿಟಿಎ 4 (ಗ್ರ್ಯಾಂಡ್ ಥೆಫ್ಟ್ ಆಟೋ) ಗೇಮಿನ ಫೋಲ್ಡರಿನಲ್ಲಿ ಡಿ3ಡಿ9 ಅಂತ ಒಂದು ಪುಟ್ಟ ಡಿಎಲ್‌ಎಲ್ ಫೈಲು ಕೂತಿದೆ. ಡಿಎಕ್ಸ್‌ವಿಕೆ ಅಂದರೆ ಅದೇ. ಅದನ್ನು ತಂದು ಹಾಕಿ ವರ್ಷದ ಮೇಲಾಯಿತು. ಇವತ್ತು ಬರೆಯುತ್ತಿರುವುದು ಅದರ ಬಗ್ಗೆಯೇ. ಗೇಮಿನ ಬಗ್ಗೆ ಹೇಳೋಕೆ ಇನ್ನೇನಿದೆ, 2008ರ ಡಿಸೆಂಬರ್‌ನಲ್ಲೇ ಪಿಸಿಗೆ ಬಂದದ್ದು.

ಪಿಸಿ ಬೆಂಗಳೂರಿನ ಎಸ್.ಪಿ. ರೋಡಿನ ಸೆಕೆಂಡ್ ಹ್ಯಾಂಡ್ ಮಾಲು. ಸಿಪಿಯು ಐ5-3470, ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 660. ಎರಡೂ 2012ರವು, ಅಂದರೆ ಗೇಮಿಗಿಂತ ನಾಲ್ಕು ವರ್ಷ ಚಿಕ್ಕವು. ನೀರು ಕುಡಿದಷ್ಟು ಸಲೀಸಾಗಿ ಓಡಬೇಕು ಅಲ್ವಾ? ಓಡಲಿಲ್ಲ. ಗೇಮಿನೊಳಗಿನ ಸ್ಟಾರ್ ಜಂಕ್ಷನ್‌ನಲ್ಲಿ ರಾತ್ರಿ ಮಳೆ ಶುರುವಾದರೆ ಫ್ರೇಮ್ ರೇಟ್ (ಸೆಕೆಂಡಿಗೆ ತೆರೆ ಮೇಲೆ ಮೂಡುವ ಚಿತ್ರಗಳ ಲೆಕ್ಕ) 20ರ ಆಸುಪಾಸಿಗೆ ಬಂದು ನಿಲ್ಲುತ್ತಿತ್ತು. ಕಾರು ತಿರುಗಿಸಿದರೆ ಅರ್ಧ ಕ್ಷಣ ತಡವಾಗಿ ತಿರುಗುವುದು, ಅಷ್ಟರಲ್ಲಿ ಕಂಬಕ್ಕೆ ಗುದ್ದಿ ಆಗಿರುತ್ತಿತ್ತು.

ರೆಸಲ್ಯೂಶನ್ ಇಳಿಸಿ ನೋಡಿದೆ. ಒಂದು ಫ್ರೇಮೂ ಹೆಚ್ಚಲಿಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದಾಗ ಕಾರಣ ಕಂಡಿತು: ಗ್ರಾಫಿಕ್ಸ್ ಕಾರ್ಡ್ ಅರ್ಧ ಕೆಲಸವೂ ಮಾಡುತ್ತಿಲ್ಲ, ಸಿಪಿಯುನ ಒಂದು ಕೋರ್ ಮಾತ್ರ ಏದುಸಿರು ಬಿಡುತ್ತಿದೆ. ಇದು ಡೈರೆಕ್ಟ್‌ಎಕ್ಸ್ 9ರ ಕಾಲದ ಗೇಮ್. ಡೈರೆಕ್ಟ್‌ಎಕ್ಸ್ ಅಂದರೆ ವಿಂಡೋಸ್‌ನಲ್ಲಿ ಗೇಮು ಕಾರ್ಡಿನ ಜೊತೆ ಮಾತಾಡುವ ಭಾಷೆ. ಬೀದಿಯ ಪ್ರತಿ ಕಾರು, ದೀಪ, ಕಸದ ತೊಟ್ಟಿಗೂ ಸಿಪಿಯು 'ಇದನ್ನು ಬಿಡಿಸು' ಅಂತ ಕಾರ್ಡಿಗೆ ಹೇಳಬೇಕು, ಅದೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ. ಮದುವೆ ಮನೆಯಲ್ಲಿ ಬಡಿಸೋಕೆ ಹತ್ತು ಜನ ಸಿದ್ಧ ನಿಂತಿದ್ದಾರೆ, ಬಕೆಟ್ಟಿಗೆ ಸಾರು ತುಂಬಿಸಿ ಕೊಡೋನು ಒಬ್ಬನೇ. ಹಾಗಾಗಿದೆ ಕಥೆ. ಸೆಟ್ಟಿಂಗ್ಸ್‌ನಲ್ಲಿ ವೆಹಿಕಲ್ ಡೆನ್ಸಿಟಿ, ವ್ಯೂ ಡಿಸ್ಟನ್ಸ್, ನೆರಳು ಕಮ್ಮಿ ಮಾಡಿದರೆ ಸ್ವಲ್ಪ ಉಸಿರಾಡುತ್ತದೆ, ನಿಜ. ಆದರೆ ಗೇಮಿನ ಊರಾದ ಲಿಬರ್ಟಿ ಸಿಟಿಯಲ್ಲಿ ಟ್ರಾಫಿಕ್ಕೇ ಇಲ್ಲದಿದ್ದರೆ ಆಡೋದಾದರೂ ಯಾಕೆ?

ಡಿಎಕ್ಸ್‌ವಿಕೆ ಕೆಲಸ ಇಷ್ಟೇ: ಗೇಮ್ ಡೈರೆಕ್ಟ್‌ಎಕ್ಸ್‌ನಲ್ಲಿ ಹೇಳಿದ್ದನ್ನು ವಲ್ಕನ್ ಅನ್ನೋ ಇನ್ನೊಂದು ಹೊಸ ಭಾಷೆಗೆ ಬದಲಾಯಿಸಿ ಕಾರ್ಡಿಗೆ ದಾಟಿಸುವುದು. ಆ ಹೊರೆಯಲ್ಲಿ ಒಂದಷ್ಟು ಬೇರೆ ಥ್ರೆಡ್‌ಗಳಿಗೆ, ಅಂದರೆ ಸಿಪಿಯುನ ಉಳಿದ ಕೋರ್‌ಗಳಿಗೆ, ಹೋಗುತ್ತದೆ. ಅಸಲಿಗೆ ಇದು ಲಿನಕ್ಸ್‌ನಲ್ಲಿ ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಅಲ್ಲಿ ಓಡಿಸುವ ತಂತ್ರಾಂಶ) ಮೂಲಕ ಆಡುವವರಿಗೆ ಹುಟ್ಟಿದ್ದು, ವಿಂಡೋಸ್‌ನಲ್ಲಿ ನಡೆಯುವುದು ನಮ್ಮ ಅದೃಷ್ಟ. ದುಡ್ಡು ಕೊಡಬೇಕಿಲ್ಲ. ಜಿಟಿಎ 4 ಮೂವತ್ತೆರಡು ಬಿಟ್ಟಿನ ಗೇಮ್, ಹಾಗಾಗಿ ಡೌನ್‌ಲೋಡ್ ಮಾಡಿದ್ದರಲ್ಲಿ ಎಕ್ಸ್32 ಫೋಲ್ಡರಿನ ಡಿ3ಡಿ9 ಫೈಲನ್ನೇ ಎತ್ತಿಕೊಳ್ಳಿ. ಗೇಮಿನ ಇಎಕ್ಸ್‌ಇ ಪಕ್ಕ ಹಾಕಿ. ಮುಗೀತು.

ಒಂದು ಎಚ್ಚರಿಕೆ. ನನ್ನ 660ರ ಹಾಗೆ ಎನ್‌ವಿಡಿಯಾದ 600, 700 ಸೀರೀಸ್‌ನ ಕೆಪ್ಲರ್ ತಲೆಮಾರಿನ ಕಾರ್ಡ್ ಇದ್ದವರು ಡಿಎಕ್ಸ್‌ವಿಕೆಯ 2.0 ಅಥವಾ ಅದಕ್ಕಿಂತ ಹೊಸ ಆವೃತ್ತಿಗೆ ಕೈ ಹಾಕಬೇಡಿ. ಅದಕ್ಕೆ ವಲ್ಕನ್ 1.3 ಬೇಕು, ನಮ್ಮ ಡ್ರೈವರ್ 1.2ಕ್ಕೇ ನಿಂತಿದೆ. 1.10.3 ಸಾಕು, ನನ್ನದೂ ಅದೇ. ಹಳೇ ಲ್ಯಾಪ್‌ಟಾಪಿನ ಇಂಟೆಲ್ ಎಚ್‌ಡಿ 4000 (ಸಿಪಿಯು ಒಳಗೇ ಇರುವ ಗ್ರಾಫಿಕ್ಸ್) ನಂಬಿಕೊಂಡವರಿಗೆ ವಿಂಡೋಸ್‌ನಲ್ಲಿ ವಲ್ಕನ್ನೇ ಇಲ್ಲ, ಸುಮ್ನೆ ಪ್ರಯತ್ನ ಬೇಡ.

ಮೊದಲ ದಿನ ಬೈದುಕೊಂಡೆ. ಮೊದಲ ಮಳೆ, ಮೊದಲ ಸ್ಫೋಟ, ಮೊದಲ ಸಲ ಸೇತುವೆ ದಾಟಿದ್ದು, ಎಲ್ಲದಕ್ಕೂ ಒಂದೊಂದು ಜರ್ಕ್. ಶೇಡರ್‌ಗಳನ್ನು (ಬೆಳಕು, ಬಣ್ಣ ಹೇಗೆ ಕಾಣಬೇಕು ಅಂತ ಕಾರ್ಡಿಗೆ ಹೇಳುವ ಪುಟ್ಟ ಪ್ರೋಗ್ರಾಂಗಳು) ಆಗಷ್ಟೇ ತಯಾರು ಮಾಡಿಕೊಳ್ಳುತ್ತಿರುತ್ತದೆ. ಆಮೇಲೆ ಅದನ್ನೆಲ್ಲ ಒಂದು ಕ್ಯಾಶ್ ಫೈಲಿನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಊರು ಒಂದು ಸುತ್ತು ಹಾಕಿದ ಮೇಲೆ ಆ ಕಾಟ ಹೋಯಿತು. ಅದೇ ಸ್ಟಾರ್ ಜಂಕ್ಷನ್, ಅದೇ ಮಳೆ, ಈಗ 40ರ ಕೆಳಗೆ ಇಳಿಯುವುದೇ ಅಪರೂಪ.

ಅವತ್ತಿನಿಂದ ನನಗೊಂದು ಚಟ. ಆಫೀಸಿನಿಂದ ಬಂದು, ಕಾಫಿ ಹಿಡಿದು ಕೂತು, ಮಿಷನ್ ಗಿಷನ್ ಏನೂ ಇಲ್ಲದೆ ಲಿಬರ್ಟಿ ಸಿಟಿಯ ಬ್ರೋಕರ್ ಅನ್ನೋ ಭಾಗದಲ್ಲಿ ಹಳದಿ ಟ್ಯಾಕ್ಸಿ ಹತ್ತುತ್ತೇನೆ. ಸೇತುವೆಯಾಚೆಯ ಆಲ್ಗಾನ್‌ಕ್ವಿನ್‌ಗೆ ಬಿಡು ಅಂತ ಹೇಳಿ ಸ್ಕಿಪ್ ಒತ್ತದೆ ಕೂರುತ್ತೇನೆ. ಸೇತುವೆಯ ಕಂಬಿಗಳ ನೆರಳು ಸೀಟಿನ ಮೇಲೆ ಒಂದರ ಹಿಂದೆ ಒಂದು ಜಾರುತ್ತದೆ. ಮೊದಲು ಆ ನೆರಳು ಚೂರು ಚೂರಾಗಿ ಹಾರುತ್ತಿತ್ತು. ಮಧ್ಯೆ ಗೇಮಿನ ನಾಯಕ ನೀಕೋನ ಕಸಿನ್ ರೋಮನ್ ಫೋನ್ ಮಾಡಿ ಬೌಲಿಂಗ್‌ಗೆ ಕರೆಯುತ್ತಾನೆ. ಎತ್ತೋದಿಲ್ಲ.

ಕಾರ್ಡಿಗೆ ಈಗ ಕೈತುಂಬ ಕೆಲಸ, ಹಾಗಾಗಿ ಫ್ಯಾನ್ ಸದ್ದು ಜಾಸ್ತಿ. ಬೇಸಿಗೆಯಲ್ಲಿ ಕ್ಯಾಬಿನೆಟ್ಟಿನ ಒಂದು ಬದಿ ತೆಗೆದೇ ಆಡಿದೆ. ಅದನ್ನು ಸಹಿಸಬಹುದು. ಮೈ ಉರಿಸಿದ್ದು ಕೊನೆಯ ಮಿಷನ್. ಹೆಲಿಕಾಪ್ಟರಿಗೆ ಜೋತುಬಿದ್ದು ಸ್ಪೇಸ್ ಬಾರ್ ಪಟಪಟ ಒತ್ತಿ ಮೇಲೆ ಹತ್ತಬೇಕು. ಫ್ರೇಮ್ ರೇಟ್ ಜಾಸ್ತಿ ಇದ್ದರೆ ಎಷ್ಟು ಒತ್ತಿದರೂ ನೀಕೋ ಹತ್ತೋದೇ ಇಲ್ಲ, ಬೆರಳು ನೋವು ಬಂತು ಅಷ್ಟೇ. ಇದು ಗೇಮಿನದೇ ಹಳೇ ರೋಗ, ಡಿಎಕ್ಸ್‌ವಿಕೆ ತಪ್ಪಲ್ಲ. ಮದ್ದು ಏನು ಗೊತ್ತಾ? ಫ್ರೇಮ್ ರೇಟನ್ನು 30ಕ್ಕೆ ಕಟ್ಟಿಹಾಕುವುದು! ಇಷ್ಟೆಲ್ಲ ಒದ್ದಾಡಿ ಏರಿಸಿದ್ದನ್ನು ಕೈಯಾರೆ ಇಳಿಸಬೇಕು. ಡಿಎಕ್ಸ್‌ವಿಕೆಯ ಕಾನ್ಫಿಗ್ ಫೈಲಿನಲ್ಲೇ ಮ್ಯಾಕ್ಸ್ ಫ್ರೇಮ್ ರೇಟ್ ಅಂತ ಒಂದು ಸಾಲು ಇದೆ, ಮಿಷನ್ ಮುಗಿದ ಮೇಲೆ ಅಳಿಸಿಬಿಡಿ.

ಹೊಸ ಕಾರ್ಡಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಹಾಗೇ ಉಳಿದಿತ್ತು. ಎಸ್‌ಎಸ್‌ಡಿ ತಗೊಂಡೆ. ಡಿಎಕ್ಸ್‌ವಿಕೆಗೆ ಐದಕ್ಕೆ ನಾಲ್ಕೂವರೆ ಸ್ಟಾರ್, ಆ ಅರ್ಧ ಫ್ಯಾನ್ ಸದ್ದಿಗೆ ಕಟ್.