ಕರೆಂಟಿಲ್ಲದ ತಾಣದಲ್ಲಿ ಕ್ಯಾರವಾನ್: ಯಾವ ಬ್ಯಾಟರಿ, ಯಾವ ಒಲೆ?

ಬೆಂಗಳೂರಿನಿಂದ ಸಕಲೇಶಪುರ, ಕುದುರೆಮುಖದ ಕಡೆಗೆ ಟೆಂಪೊ ಟ್ರಾವೆಲರ್ ಕ್ಯಾರವಾನಿನಲ್ಲಿ ಹೊರಟಾಗ ನಾವು ತಂಗುವ ಕಾಫಿ ತೋಟಗಳಲ್ಲಿ ಪ್ಲಗ್ ಪಾಯಿಂಟ್ ಸಿಗುವುದು ಅಪರೂಪ. ದೀಪ, ಫ್ಯಾನು, ಫ್ರಿಜ್ಜು, ಅಡುಗೆ ಎಲ್ಲವೂ ಜೊತೆಯಲ್ಲಿ ಹೊತ್ತೊಯ್ದ ಬ್ಯಾಟರಿ ಮತ್ತು ಗ್ಯಾಸಿನಿಂದಲೇ ನಡೆಯಬೇಕಾದ್ದರಿಂದ, ಎರಡು ಬಗೆಯ ಬ್ಯಾಟರಿಗಳನ್ನೂ ಮೂರು ಬಗೆಯ ಒಲೆಗಳನ್ನೂ ಬಳಸಿ ನೋಡಿದ್ದೇನೆ.

ಮನೆಯ ಯುಪಿಎಸ್‌ಗೆ ಹಾಕುವ 150 ಎಎಚ್ (ಆಂಪಿಯರ್ ಅವರ್) ಟ್ಯೂಬುಲರ್, ಅಂದರೆ ಸೀಸ-ಆಮ್ಲದ 12 ವೋಲ್ಟ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್ ಅವರ್ (ಒಂದು ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಲು ಬೇಕಾದ ವಿದ್ಯುತ್ತೇ ಒಂದು ವ್ಯಾಟ್ ಅವರ್) ಇದ್ದರೂ, ಅದು ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು. ಅಂದರೆ ಕೈಗೆ ಸಿಗುವುದು ಸುಮಾರು 900. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 100 ಎಎಚ್‌ನದಾದರೂ ಅದರ 1,280ರಲ್ಲಿ ಸಾವಿರಕ್ಕೂ ಮೇಲ್ಪಟ್ಟು ನಿಶ್ಚಿಂತೆಯಿಂದ ಬಳಸಬಹುದು. ತೂಕದಲ್ಲಂತೂ ಹೋಲಿಕೆಯೇ ಇಲ್ಲ: ಟ್ಯೂಬುಲರ್ 50 ಕೆಜಿ ದಾಟುತ್ತದೆ, ಲಿಥಿಯಂ ಸುಮಾರು 12 ಕೆಜಿ.

ಆದರೆ ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ಚಾರ್ಜ್ ಆಗುವ ರೀತಿ. ಎಂಜಿನ್ ಓಡುವಾಗ ಗಾಡಿಯ ಕರೆಂಟಿನಿಂದ ಈ ಬ್ಯಾಟರಿಗೆ 30 ಆಂಪಿಯರ್ ಕೊಡುವ ಡಿಸಿ-ಡಿಸಿ ಚಾರ್ಜರ್ ಅಳವಡಿಸಿದ್ದರಿಂದ, ನೆಲಮಂಗಲ ದಾಟಿ ಹಾಸನದ ಮೂಲಕ ಸಕಲೇಶಪುರ ತಲುಪುವ ನಾಲ್ಕು ಗಂಟೆಗಳಲ್ಲಿ ಲಿಥಿಯಂ ಬ್ಯಾಟರಿ ಬರಿದಾಗಿದ್ದರೂ ತುಂಬಿಬಿಡುತ್ತದೆ. ಟ್ಯೂಬುಲರ್ ಹಾಗಲ್ಲ, ಶೇ. 80 ಆದ ಮೇಲೆ ಅದು ಕರೆಂಟನ್ನು ಕಡಿಮೆ ಕಡಿಮೆ ತೆಗೆದುಕೊಳ್ಳುತ್ತಾ ಹೋಗುವುದರಿಂದ ಕೊನೆಯ ಭಾಗ ತುಂಬಲು ಹಲವು ಗಂಟೆ ಹಿಡಿಯುತ್ತದೆ, ಹೀಗೆ ಅರೆಬರೆ ಚಾರ್ಜಿನಲ್ಲೇ ಉಳಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿಯ ಶಕ್ತಿಯೇ ಕುಂದುತ್ತದೆ. ಚಾವಣಿಯ 200 ವ್ಯಾಟ್ ಸೋಲಾರ್ ಪ್ಯಾನೆಲ್ ಈ ಕೊರತೆ ನೀಗುತ್ತದೆಂದು ನಂಬುವಂತಿಲ್ಲ, ಏಕೆಂದರೆ ತೋಟದ ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಅದು ಕೊಡುವುದು ಅತ್ಯಲ್ಪ, ಮಳೆಗಾಲದಲ್ಲಿ ಇನ್ನೂ ಕಡಿಮೆ.

ಟ್ಯೂಬುಲರ್ ಪರವಾಗಿ ಹೇಳಬೇಕಾದ ಮಾತೂ ಇದೆ. ಬೆಲೆ ಕಡಿಮೆ, ಯಾವ ಊರಿನ ಬ್ಯಾಟರಿ ಅಂಗಡಿಯವರಿಗೂ ಅದರ ರಿಪೇರಿ ಗೊತ್ತು. ಲೋಡ್ ಇಲ್ಲದೆ ಸ್ವಲ್ಪ ಹೊತ್ತು ಬಿಟ್ಟು ಅಳೆದರೆ 12.7 ವೋಲ್ಟ್ ತುಂಬಿದ್ದಕ್ಕೆ, 12.2 ಸುಮಾರು ಅರ್ಧಕ್ಕೆ ಗುರುತು. ಲಿಥಿಯಂ ಬಹುಪಾಲು ಹೊತ್ತು 13.2ರ ಆಸುಪಾಸಿನಲ್ಲೇ ನಿಲ್ಲುವುದರಿಂದ, ಉಳಿದದ್ದು ಎಷ್ಟೆಂದು ತಿಳಿಯಲು ಒಳಹೋದ, ಹೊರಬಂದ ಕರೆಂಟನ್ನು ಎಣಿಸುವ ಷಂಟ್ ಮೀಟರ್ ಹಾಕಿಸಲೇಬೇಕು.

ಇನ್ನು ಒಲೆಯ ವಿಷಯ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾದ ಶಾಖ ಸುಮಾರು 87 ವ್ಯಾಟ್ ಅವರ್. ಇಂಡಕ್ಷನ್ ಮತ್ತು ಇನ್ವರ್ಟರ್‌ನ ನಷ್ಟ ಸೇರಿದರೆ ಬ್ಯಾಟರಿಯಿಂದ 115ರಷ್ಟು ಹೋಗುತ್ತದೆ. ಬೆಳಗಿನ ಕಾಫಿಗೇ ಲಿಥಿಯಂನ ಹತ್ತನೇ ಒಂದು ಭಾಗ ಖರ್ಚು. ಅದೇ ಕೆಲಸಕ್ಕೆ ಎಲ್‌ಪಿಜಿ ಸಾಕಾಗುವುದು ಹತ್ತು ಹನ್ನೊಂದು ಗ್ರಾಂ. ಟ್ಯೂಬುಲರ್ ಇದ್ದಾಗ 1,200 ವ್ಯಾಟ್‌ನಲ್ಲಿ ಕುಕ್ಕರ್ ಇಟ್ಟರೆ ನೂರಕ್ಕೂ ಹೆಚ್ಚು ಆಂಪಿಯರ್ ಎಳೆದು, ಮೊದಲ ವಿಷಲ್ ಬರುವ ಮುನ್ನವೇ ಇನ್ವರ್ಟರ್ ಲೋ ಬ್ಯಾಟರಿ ಎಂದು ಕೂಗಲಾರಂಭಿಸುತ್ತಿತ್ತು. ಲಿಥಿಯಂ ಅಷ್ಟನ್ನು ತಡೆದುಕೊಳ್ಳುತ್ತದೆ, ಆದರೆ ಕೊಳ್ಳುವಾಗ ಅದರ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ಎಷ್ಟು ಆಂಪಿಯರ್‌ವರೆಗೆ ಬಿಡುತ್ತದೆಂದು ಕೇಳಿ ತಿಳಿಯಬೇಕು, ಕೇಬಲ್ಲೂ ದಪ್ಪವಿರಬೇಕು.

ಕ್ಯಾಂಪಿಂಗ್‌ಗೆಂದು ಮಾರುವ ಬ್ಯೂಟೇನ್ ಡಬ್ಬಿ ಹಗುರ, ಚೊಕ್ಕ. ಕುದುರೆಮುಖದ ಡಿಸೆಂಬರ್ ಮುಂಜಾನೆ ಮಾತ್ರ ಅದರ ಮೈಮೇಲೆ ಇಬ್ಬನಿ ಕಟ್ಟಿ, ಉರಿ ನೀಲಿ ಮಣಿಗಳಷ್ಟಕ್ಕೆ ಕುಗ್ಗುತ್ತದೆ. ಬ್ಯೂಟೇನ್ ಕುದಿಯುವ ಬಿಂದು ಸೊನ್ನೆಗಿಂತ ಅರ್ಧ ಡಿಗ್ರಿಯಷ್ಟೇ ಕೆಳಗಿದ್ದು, ಗ್ಯಾಸ್ ಹೊರಬರುತ್ತಿದ್ದಂತೆ ಡಬ್ಬಿ ತಾನೇ ತಣ್ಣಗಾಗುವುದು ಇದಕ್ಕೆ ಕಾರಣ. ಪ್ರೊಪೇನ್ ಕೂಡ ಬೆರೆತಿರುವ ಎಲ್‌ಪಿಜಿಯ 5 ಕೆಜಿ ಸಿಲಿಂಡರಿನಲ್ಲಿ ಈ ತೊಂದರೆ ಕಾಣಲಿಲ್ಲ. ಕಬ್ಬಿಣದ ಸಿಲಿಂಡರಿಗಿಂತ ಫೈಬರ್‌ಗ್ಲಾಸ್ ಸುತ್ತಿದ ಕಾಂಪೋಸಿಟ್ ಸಿಲಿಂಡರನ್ನೇ ನಾನು ಮೆಚ್ಚುತ್ತೇನೆ. ಬೆಳಕಿಗೆ ಹಿಡಿದರೆ ಒಳಗಿನ ದ್ರವದ ಮಟ್ಟ ಕಣ್ಣಿಗೇ ಕಾಣುತ್ತದೆ.

ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ವಾಹನದ ನೆಲದಲ್ಲೇ ನಿಲ್ಲುತ್ತದೆ, ಮುಚ್ಚಿದ ಜಾಗದಲ್ಲಿ ಒಲೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್‌ನ ಭಯವೂ ಇದೆ. ಹಾಗಾಗಿ ಅಡುಗೆಯೆಲ್ಲ ಹೊರಗೆ, ಟಾರ್ಪಾಲಿನ ಕೆಳಗೆ ನಡೆಯುತ್ತದೆ, ಊಟವಾದೊಡನೆ ರೆಗ್ಯುಲೇಟರ್ ಬಂದ್. ದಿನಕ್ಕೆ ಸುಮಾರು 500 ವ್ಯಾಟ್ ಅವರ್ ಬೇಡುವ ಫ್ರಿಜ್ಜಿಗೆ, ಜೊತೆಗೆ ದೀಪ, ಫ್ಯಾನಿಗೆ ಲಿಥಿಯಂ. ಬೆಂಕಿಯ ಕೆಲಸಕ್ಕೆಲ್ಲ ಕಾಂಪೋಸಿಟ್ ಸಿಲಿಂಡರ್. ಇಂಡಕ್ಷನ್ ಒಲೆಯನ್ನು ಮಳೆ ಜಡಿದು ಹೊರಗೆ ಒಲೆ ಹಚ್ಚಲಾಗದಾಗ, ಅದೂ ಮರುದಿನ ಗಾಡಿ ಓಡಿಸುವುದು ಖಚಿತವಿದ್ದರೆ ಮಾತ್ರ ತೆಗೆಯುತ್ತೇವೆ.