ಚಪ್ಪಡಿ ಮುಚ್ಚುವ ಮೊದಲು ಒಂದು ಟ್ಯಾಂಕರ್ ನೀರು ಸುರಿದು ನೋಡಿ

ಇದನ್ನು ಬರೆಯೋದೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ಮಾನ ಹೋಗುವ ವಿಷಯ. ಆದರೆ ಮೊನ್ನೆ ಪಕ್ಕದ ಬಡಾವಣೆಯ ಕಾರ್ಯದರ್ಶಿ ಫೋನ್ ಮಾಡಿದರು. "ನಿಮ್ಮ ಮೋರಿ ಕೆಲಸ ಮಾಡಿದವರು ನಮಗೂ ಕೊಟೇಶನ್ ಕೊಟ್ಟಿದ್ದಾರೆ, ಬೇಕಾದರೆ ನಿಮ್ಮನ್ನೇ ಕೇಳಿ ಅಂದರು, ಕೆಲಸ ಹೇಗಿದೆ?" ನನ್ನನ್ನೇ ಕೇಳಿ ಅಂತೆ! ನಮ್ಮ ಮನೆ ಮುಂದೆ ಮೊಣಕಾಲುದ್ದ ನೀರು ನಿಲ್ಲಿಸಿ ಹೋದ ಮನುಷ್ಯ ನನ್ನ ಹೆಸರನ್ನೇ ತೋರಿಸಿ ಇನ್ನೊಂದು ಕಡೆ ಅಡ್ವಾನ್ಸ್ ಕೇಳುತ್ತಿದ್ದಾನೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆ ಕಡೆಯ ಒಂದು ಖಾಸಗಿ ಬಡಾವಣೆ ನಮ್ಮದು. 62 ಮನೆ. ರಸ್ತೆಗಳು ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ, ಹಾಗಾಗಿ ಮೋರಿ, ಬೀದಿ ದೀಪ, ಗುಂಡಿ ಎಲ್ಲಾ ನಮ್ಮದೇ ತಲೆನೋವು. ನಾನು ಸಂಘದ ಖಜಾಂಚಿ. ಬ್ಯಾಂಕಿನಲ್ಲಿ 34 ವರ್ಷ ಇದ್ದವನು. ಒಂದು ಲಕ್ಷ ಸಾಲಕ್ಕೆ ಹತ್ತು ಕಾಗದ ಕೇಳುತ್ತಿದ್ದವನು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, "ನಾವು ಮೋಸ ಹೋಗಲ್ಲ ಬಿಡಿ" ಅಂತ ನಾನೂ ಅಂದುಕೊಂಡಿದ್ದೆ.

2022ರ ಸೆಪ್ಟೆಂಬರ್ ಮಳೆ ನೆನಪಿದೆ ಅಲ್ವಾ? ಸರ್ಜಾಪುರ ರಸ್ತೆ, ಯಮಲೂರು ಕಡೆ ಕೋಟಿ ಕೋಟಿ ಬೆಲೆಯ ಮನೆಯವರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಕರೆದುಕೊಂಡು ಬಂದರಲ್ಲ. ಆ ಚಿತ್ರ ನೋಡಿದ ಮೇಲೆ ನಮ್ಮಲ್ಲಿ ಎಲ್ಲರಿಗೂ ಭಯ. ನಮ್ಮ ಮುಖ್ಯ ರಸ್ತೆ 700 ಅಡಿ, ಮೇಲಿನಿಂದ ಕೆಳಗೆ ಇಳಿಜಾರು, ಕೊನೆಯಲ್ಲಿ ಕಾಂಪೌಂಡ್ ಆಚೆ ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ. ಜೋರು ಮಳೆ ಬಂದರೆ ಕೆಳಗಿನ ನಾಲ್ಕು ಮನೆಗೆ ನೀರು ನುಗ್ಗುತ್ತಿತ್ತು. ಹಳೇ ಸೈಜುಗಲ್ಲಿನ ಮೋರಿ ಅರ್ಧ ಮುಚ್ಚಿತ್ತು. ಎರಡೂ ಬದಿ ಹೊಸ ಕಾಂಕ್ರೀಟ್ ಮೋರಿ, ಕೇಬಲ್‌ಗಳಿಗೆ ನಾಲ್ಕು ಇಂಚಿನ ಡಕ್ಟ್ ಪೈಪು, ಮೇಲೆ ಸ್ಲ್ಯಾಬು, ಆಮೇಲೆ ಡಾಂಬರು ಅಂತ ತೀರ್ಮಾನ ಆಯಿತು. ಮನೆಗೆ 55,000. ಒಟ್ಟು 34,10,000. ಮನೆಮನೆಗೆ ಹೋಗಿ ಒಪ್ಪಿಸಿದವನು ನಾನೇ. ಪಿಂಚಣಿಯಲ್ಲಿ ಬದುಕುವ ಒಬ್ಬ ಅಜ್ಜಿಯ ಹತ್ತಿರ ಮೂರು ಕಂತಿನಲ್ಲಿ ಇಸಿದುಕೊಂಡಿದ್ದೇನೆ.

ಈ ಗುತ್ತಿಗೆದಾರನನ್ನು ಯಾರೋ ಪರಿಚಯದವರು ಕಳಿಸಿದರು. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಟ್ಯಾಬ್. "ಟೆಂಡರ್‌ಶ್ಯೂರ್ ರಸ್ತೆ ನೋಡಿದೀರಲ್ಲ ಸಾರ್, ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಆ ಕೆಲಸದಲ್ಲಿ ನಾನೂ ಇದ್ದೆ" ಅಂದ. ನಗರದ ನಡುವೆ ಹೊಸ ಮಾದರಿಯಲ್ಲಿ ಮತ್ತೆ ಕಟ್ಟಿದ ರಸ್ತೆಗಳು ಅವು. ಫುಟ್‌ಪಾತ್ ಕೆಳಗೆ ಕೇಬಲ್ ಒಂದು ಕಡೆ, ನೀರಿನ ಪೈಪು ಒಂದು ಕಡೆ, ಒಳಚರಂಡಿ ಒಂದು ಕಡೆ, ಮಳೆನೀರು ಒಂದು ಕಡೆ ಅಂತ ಚೆಂದದ ಚಿತ್ರ ತೋರಿಸಿದ. ಒಂದು ಸಲ ಮಾಡಿದರೆ ರಸ್ತೆ ಮತ್ತೆ ಅಗೆಯೋ ಹಾಗೇ ಇಲ್ಲ ಅಂದ. ಯಾವ ಹುದ್ದೆಯಲ್ಲಿ ಇದ್ದೆ, ಕಾಗದ ತೋರಿಸು ಅಂತ ನಾನು ಕೇಳಲಿಲ್ಲ. ಸಾಲಗಾರನಾಗಿದ್ದರೆ ಕೇಳುತ್ತಿದ್ದೆ.

ಇನ್ನೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಉಳಿಯುತ್ತೆ ಸಾರ್" ಅಂದ. ಆರು ಲಕ್ಷದ ಹತ್ತಿರ ಉಳಿಯುತ್ತದೆ ಅಂತ ಕಮಿಟಿಯಲ್ಲಿ ಎಲ್ಲರಿಗೂ ಖುಷಿ. ಸರಿಯಾದ ಬಿಲ್ಲಿಲ್ಲ, ಅರ್ಧ ದುಡ್ಡು ನಗದು. ನಮ್ಮ ಆಸೆಗೆ ನಾವೇ ಬಿದ್ದೆವು, ಇದನ್ನು ಅವನ ಮೇಲೆ ಹಾಕುವುದಿಲ್ಲ.

ಮೊದಲನೇ ದಿನ ಮೂರು ಕಾಲಿನ ಸ್ಟ್ಯಾಂಡ್ ಮೇಲೆ, ನೆಲದ ಏರು-ತಗ್ಗು ಅಳೆಯುವ ಹಳದಿ ಬಣ್ಣದ ಲೆವೆಲ್ ಯಂತ್ರ ತಂದು ನಿಲ್ಲಿಸಿದ. ಒಬ್ಬ ಹುಡುಗ ಅಳತೆ ಪಟ್ಟಿ ಹಿಡಿದುಕೊಂಡು ಓಡಾಡಿದ. ಎರಡು ಗಂಟೆ. ನಾನು ಫೋಟೋ ತೆಗೆದು ಗ್ರೂಪಿಗೆ ಹಾಕಿದೆ, ಎಲ್ಲರೂ ಹೆಬ್ಬೆರಳು ಎತ್ತಿದರು. ಆಮೇಲೆ ಆ ಯಂತ್ರ ನಮ್ಮ ರಸ್ತೆಗೆ ಬರಲೇ ಇಲ್ಲ. ಒಂದೇ ಒಂದು ಅಂಕಿಯನ್ನೂ ಯಾರೂ ಎಲ್ಲೂ ಬರೆದುಕೊಂಡಿರಲಿಲ್ಲ ಅಂತ ಈಗ ಗೊತ್ತಾಗಿದೆ.

ಎರಡನೇ ದಿನ ಜೆಸಿಬಿ ನೀರಿನ ಲೈನು ಒಡೆಯಿತು. ನಾಲ್ಕನೇ ದಿನ ಇಂಟರ್ನೆಟ್ ಕೇಬಲ್ಲು. ಕೇಳಿದರೆ "ಭೂಮಿ ಒಳಗೆ ಏನಿದೆ ಅಂತ ಯಾರಿಗೆ ಗೊತ್ತಿರುತ್ತೆ ಸಾರ್?" ಅಂದ. ನಾನೂ ಹೌದು ಅಂದುಕೊಂಡೆ. ಅಗೆಯುವ ಮುಂಚೆ ಕೇಬಲ್, ಪೈಪು ಇರುವವರಿಗೆ ತಿಳಿಸೋಕೆ ಅಂತಲೇ 'ಕಾಲ್ ಬಿಫೋರ್ ಯು ಡಿಗ್' ಅನ್ನೋ ಕೇಂದ್ರ ಸರ್ಕಾರದ ಆ್ಯಪ್ 2023ರ ಮಾರ್ಚ್‌ನಲ್ಲೇ ಬಂದಿದೆಯಂತೆ. ಅದು ಬಿಡಿ, ವಾಲ್ವ್‌ಮ್ಯಾನ್‌ನ ಕೇಳಿದ್ದರೂ ಲೈನು ಎಲ್ಲಿದೆ ಅಂತ ಕಾಲಲ್ಲಿ ಗೆರೆ ಎಳೆದು ತೋರಿಸುತ್ತಿದ್ದ.

ಈಗ ಬಂಡೆಯ ವಿಷಯ. ಇದನ್ನು ಸರಿಯಾಗಿ ಕೇಳಿ.

ಕೆಲಸ ಮೇಲಿನಿಂದ ಶುರುವಾಗಿ 430 ಅಡಿ ಹತ್ತಿರ ಬಂದಾಗ ನೆಲದಲ್ಲಿ ಬಂಡೆ ಸಿಕ್ಕಿತು. ನಮ್ಮ ಮನೆಯಿಂದ ಸ್ವಲ್ಪ ಕೆಳಗೆ, ಸುಮಾರು 40 ಅಡಿ ಉದ್ದಕ್ಕೆ. ಬೆಂಗಳೂರಿನಲ್ಲಿ ಪಾಯ ತೋಡಿದವರಿಗೆ ಇದು ಹೊಸದಲ್ಲ. "ಬ್ರೇಕರ್ ತರಿಸ್ಬೇಕು ಸಾರ್, ಎಕ್ಸ್‌ಟ್ರಾ ಆಗುತ್ತೆ" ಅಂದ. 1,85,000. ಎರಡು ದಿನ ಬ್ರೇಕರ್ ಓಡಿತು. ಎಂಥ ಶಬ್ದ ಅಂದರೆ ಕಿಟಕಿ ಗಾಜು ನಡುಗುತ್ತಿತ್ತು, ನನ್ನ ಹೆಂಡತಿ ತಲೆನೋವು ಅಂತ ತಂಗಿ ಮನೆಗೆ ಹೋದಳು. ಆ ಶಬ್ದಕ್ಕೇ ನಾನು ನಂಬಿದ್ದು. ಇಷ್ಟು ಸದ್ದು ಮಾಡುತ್ತಿದೆ ಅಂದ ಮೇಲೆ ಒಡೆಯುತ್ತಲೇ ಇರಬೇಕು ಅಲ್ವಾ?

ಅದಾದ ಎರಡು ದಿನಕ್ಕೆ, ಕೆಲಸಕ್ಕೆ ಬಂದಿದ್ದ ರಾಯಚೂರು ಕಡೆಯ ಹೆಂಗಸೊಬ್ಬರು ನೀರು ಕುಡಿಯಲು ಗೇಟಿಗೆ ಬಂದಾಗ ನನ್ನ ಹೆಂಡತಿಗೆ "ಅಲ್ಲಿ ಕಲ್ಲು ಹಂಗ ಐತ್ರೀ ಅಕ್ಕಾರ" ಅಂದರಂತೆ. ಇವಳು ನನಗೆ ಹೇಳಿದಳು. ನಾನು "ನಿನಗೆ ಮೋರಿ ಕೆಲಸ ಏನು ಗೊತ್ತು?" ಅಂದೆ. ಆ ಮಾತನ್ನು ಅವಳು ಇವತ್ತಿಗೂ ವಾಪಸ್ ಕೊಡುತ್ತಲೇ ಇದ್ದಾಳೆ.

ಮರುದಿನ ಬೆಳಗ್ಗೆ ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಆ 40 ಅಡಿಗೆ ಕಾಂಕ್ರೀಟ್ ಹಾಕಿ ಆಗಿತ್ತು. ಮೂರು ದಿನಕ್ಕೆ ಮೇಲೆ ಸ್ಲ್ಯಾಬ್ ಕೂಡ. ಬೇರೆ ಕಡೆ ಎಲ್ಲಾ ವಾರಗಟ್ಟಲೆ ಬಾಯಿ ತೆರೆದುಕೊಂಡಿದ್ದ ಮೋರಿ, ಅಲ್ಲಿ ಮಾತ್ರ ಇಷ್ಟು ಅವಸರ ಯಾಕೆ ಅಂತ ಹೊಳೆಯಲಿಲ್ಲ. "ಯುಗಾದಿಗೆ ಹುಡುಗರು ಊರಿಗೆ ಹೋಗ್ಬೇಕು ಸಾರ್, ಸೆಟಲ್ ಮಾಡ್ಬಿಡಿ" ಅಂದ. ಪೂರ್ತಿ ಸೆಟಲ್ ಮಾಡಿದೆ. ಪೂರ್ತಿ. ಒಂದು ರೂಪಾಯಿ ಹಿಡಿದುಕೊಳ್ಳಲಿಲ್ಲ. ಬಂಡೆ ಒಡೆದ ಚೀಟಿಗೂ "ಕೆಲಸ ತೃಪ್ತಿಕರ" ಅಂತ ಬರೆದು ಸಹಿ ಹಾಕಿದೆ. ಆ ಚೀಟಿಯನ್ನು ಮಾತ್ರ ಅವನು ಜೋಪಾನವಾಗಿ ಇಟ್ಟುಕೊಂಡಿದ್ದಾನೆ.

ಮೇ ತಿಂಗಳ ಮೊದಲ ಜೋರು ಮಳೆ. ಕೆಳಗಿನ ನಾಲ್ಕು ಮನೆ ಒಣಗಿದ್ದವು. ನಮ್ಮ ಮನೆ ಸಾಲಿನ ಆರು ಮನೆಗೆ ನೀರು ನುಗ್ಗಿತು, 19 ವರ್ಷದಲ್ಲಿ ಒಂದು ದಿನವೂ ನುಗ್ಗದಿದ್ದ ಮನೆಗಳಿಗೆ. ಸ್ಲ್ಯಾಬು ರಸ್ತೆಗಿಂತ ನಾಲ್ಕು ಇಂಚು ಎತ್ತರ, ಮೋರಿಯಿಂದ ಉಕ್ಕಿದ್ದು ರಸ್ತೆಗೂ ಬಂತು, ಗೇಟಿನೊಳಗೂ ಬಂತು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದೆ. "ಹೊಸ ಮೋರಿ ಸಾರ್, ಒಂದೆರಡು ಮಳೆ ಹೋದ್ರೆ ಸೆಟ್ ಆಗುತ್ತೆ" ಅಂದ. ಮೋರಿ ಸೆಟ್ ಆಗೋದು ಅಂದರೇನು? ಅದೇನು ಹೊಸ ಚಪ್ಪಲಿನಾ?

ಎರಡನೇ ಮಳೆಗೆ ಫೋನ್ ಮಾಡಿದಾಗ "ಎಲೆ, ಪ್ಲಾಸ್ಟಿಕ್ ಕಟ್ಕೊಂಡಿರುತ್ತೆ, ಕ್ಲೀನ್ ಮಾಡ್ಸಿ" ಅಂದ. ಮಾಡಿಸಿದೆವು, 6,000 ಖರ್ಚು. ಮೂರನೇ ಸಲ "ನಿಮ್ಮನೆ ಪ್ಲಿಂತೇ ಕೆಳಗಿದೆ, ಅದು ನನ್ ತಪ್ಪಾ ಸಾರ್?" ಅಂದ. ಪ್ಲಿಂತ್ ಅಂದರೆ ಮನೆಯ ನೆಲಮಟ್ಟ. ಇಳಿಜಾರು ಸರಿಯಿದೆಯಾ ಅಂತ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಸಾಯುವವರೆಗೂ ಮರೆಯಲ್ಲ. "ನೀರಿಗೆ ಯಾರೂ ದಾರಿ ಹೇಳ್ಕೊಡ್ಬೇಕಿಲ್ಲ ಸಾರ್. ಅದೇ ಹುಡುಕ್ಕೊಂಡು ಹೋಗುತ್ತೆ."

ಹುಡುಕಿಕೊಂಡು ಬಂತು. ನಮ್ಮ ಹಾಲಿಗೆ.

ಎದುರು ಮನೆಯ ಹುಡುಗ, ಏಳನೇ ಕ್ಲಾಸು, ಅವನೇ ಮೊದಲು ಕಂಡುಹಿಡಿದಿದ್ದು. ಸ್ಲ್ಯಾಬ್ ಸಂದಿಯಿಂದ ಥರ್ಮಾಕೋಲ್ ತುಂಡು ಬಿಟ್ಟು ಆಡುತ್ತಿದ್ದ. "ಅಂಕಲ್, ಇದು ಮೇಲಕ್ಕೆ ಹೋಗ್ತಿದೆ" ಅಂದ. ಮರುದಿನ 4,000 ಲೀಟರ್ ಟ್ಯಾಂಕರ್ ತರಿಸಿ ನಮ್ಮ ಗೇಟಿನ ಮುಂದೆ ಮೋರಿಗೆ ಬಿಟ್ಟೆವು. ಕೆಳಗಿನ ಚೇಂಬರ್ ಒಣಗಿತ್ತು. ಮೇಲಿನ ಚೇಂಬರಿನಲ್ಲಿ ನೀರು ಏರುತ್ತಿತ್ತು! ಟ್ಯಾಂಕರ್ ಡ್ರೈವರ್ ನನ್ನ ಮುಖ ನೋಡಿ "ವಾಟ ಉಲ್ಟಾ ಇದೆ ಸಾರ್" ಅಂದ. ವಾಟ ಅಂದರೆ ನೀರು ಹರಿಯಲು ಕೊಡುವ ಇಳಿಜಾರು. 36 ಲಕ್ಷ ಖರ್ಚು ಮಾಡಿದ ನನಗೆ ಟ್ಯಾಂಕರ್ ಡ್ರೈವರ್ ಹೇಳಬೇಕಾಯಿತು.

ಸ್ಲ್ಯಾಬ್ ಎತ್ತಿಸಿದೆವು. ಬಂಡೆ ಹಾಗೇ ಇತ್ತು. ಮೇಲಿನ ಚೂಪು ಮಾತ್ರ ಕೆತ್ತಿ, ಅದರ ಮೇಲೇ ಕಾಂಕ್ರೀಟ್ ಬಳಿದಿದ್ದ. ಒಂಟೆಯ ಡುಬ್ಬದ ಹಾಗೆ 9 ಇಂಚು ಎತ್ತರ. ಎರಡು ಅಡಿ ಆಳದ ಮೋರಿ ಅಲ್ಲಿ ಉಳಿದಿದ್ದು ಬರೀ 15 ಇಂಚು. 100 ಅಡಿಗೆ ನಾಲ್ಕು ಇಂಚಿನ ವಾಟ ಅಂತ ಕೊಟೇಶನ್‌ನಲ್ಲಿ ಬರೆದಿದ್ದ ಮೋರಿಯಲ್ಲಿ 9 ಇಂಚಿನ ಕಟ್ಟೆ ಕಟ್ಟಿದರೆ ನೀರು ಹಿಂದಕ್ಕೆ 225 ಅಡಿ ನಿಲ್ಲುತ್ತದೆ. ಇದು ಎಂಜಿನಿಯರಿಂಗ್ ಅಲ್ಲ, ಭಾಗಾಕಾರ. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಅಂತ ಮೂರು ಕಣಿವೆಗೆ ಇಳಿಯುವ ದಿಣ್ಣೆಯ ಊರು ಇದು, ಪಂಪು ಬೇಡ, ಮೋಟಾರು ಬೇಡ, ವಾಟ ಒಂದಿದ್ದರೆ ಸಾಕು. ಆ ಒಂದನ್ನು ಬಿಟ್ಟು ಬೇರೆ ಎಲ್ಲಾ ಕೊಟ್ಟಿದ್ದಾನೆ.

ಆ ಡುಬ್ಬ ನೋಡುತ್ತಾ ನಿಂತಾಗ ದುಡ್ಡಿನ ಯೋಚನೆ ಬರಲಿಲ್ಲ. ಆ ಎರಡು ದಿನದ ಶಬ್ದ ನೆನಪಾಯಿತು. ನನಗೆ ಕೇಳಿಸಲಿ ಅಂತಲೇ ಬ್ರೇಕರ್ ಓಡಿಸಿದ್ದಾನೆ. ಶಬ್ದಕ್ಕೆ 1,85,000 ಕೊಟ್ಟಿದ್ದೇನೆ.

ಫೋಟೋ ಕಳಿಸಿದೆ. "ದೇವ್ರಾಣೆ ಒಡೆದಿದೀನಿ ಸಾರ್, ಶಬ್ದ ಕೇಳಿಸ್ಲಿಲ್ವಾ ನಿಮ್ಗೆ?" ಅಂತ ಉತ್ತರ. ಇದನ್ನು ಓದಿದಾಗ ಕೈ ನಡುಗಿತು. ಆಮೇಲೆ ನನ್ನದೇ ಸಹಿ ಇರುವ ಚೀಟಿಯ ಫೋಟೋ ಕಳಿಸಿ, "ನೀವೇ ತೃಪ್ತಿಕರ ಅಂತ ಬರೆದಿದೀರಲ್ಲ ಸಾರ್" ಅಂತ, ಕೆಳಗೆ ಕೈಮುಗಿಯುವ ಚಿಹ್ನೆ. ಅಷ್ಟೇ. ಈಗ ಒಂದೇ ಟಿಕ್ ಬರುತ್ತಿದೆ. ಕೊಟೇಶನ್‌ನಲ್ಲಿದ್ದ ವಿಳಾಸಕ್ಕೆ ಹೋದರೆ ಬಾಗಿಲು ಹಾಕಿದ ಜೆರಾಕ್ಸ್ ಅಂಗಡಿ.

ಬೇರೆ ಕಥೆಗಳೂ ಹೊರಗೆ ಬಂದವು. ಡಕ್ಟ್ ಪೈಪಿನೊಳಗೆ ಕೇಬಲ್ ಎಳೆಯುವ ಹಗ್ಗವೇ ಬಿಟ್ಟಿಲ್ಲ, ಬಾಯಿಯಲ್ಲಿ ಮಣ್ಣು. ಫೈಬರ್‌ನವರು ಬಂದು ಹೊಸ ಡಾಂಬರನ್ನೇ ಅಗೆದು ಹೋದರು. ಇನ್ನೂ ಅಸಹ್ಯದ್ದು, ಮೂರು ಮನೆಯವರ ಹತ್ತಿರ ಗುಟ್ಟಾಗಿ ತಲಾ 3,000 ಇಸಿದುಕೊಂಡು ಅವರ ಕಕ್ಕಸು ನೀರನ್ನು ಮಳೆನೀರಿನ ಮೋರಿಗೆ ಸೇರಿಸಿದ್ದಾನೆ. ಕೊಳಚೆ ಸೇರಿದ ಬೆಳ್ಳಂದೂರು ಕೆರೆಯ ನೊರೆ ನೋಡಿ ಮೂಗು ಮುರಿಯುತ್ತಿದ್ದ ಬಡಾವಣೆ ನಮ್ಮದು. ಆ ಮೂವರೂ ಗ್ರೂಪಿನಲ್ಲಿ ಅವನನ್ನು ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದಾರೆ, ಇರಲಿ.

ಮೀಟಿಂಗಿನಲ್ಲಿ ಆ ಪಿಂಚಣಿಯ ಅಜ್ಜಿ ಬೈಯಲಿಲ್ಲ. "ನೀವು ಬ್ಯಾಂಕಿನೋರು ಅಂತ ಕೊಟ್ಟೆ ಕಣಪ್ಪ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಇಂಥ ಕೆಲಸ ಮಾಡಿಸುವವರು ದಯವಿಟ್ಟು, ಸ್ಲ್ಯಾಬ್ ಮುಚ್ಚುವ ಮೊದಲು ನೀರು ಸುರಿದು ನೋಡಿ. ಟ್ಯಾಂಕರ್ ಖರ್ಚು ಸಾವಿರ ಚಿಲ್ಲರೆ. ಲೆವೆಲ್ ನೋಡೋಕೆ ಗುತ್ತಿಗೆದಾರನಿಗೆ ಸಂಬಂಧ ಇಲ್ಲದ ಎಂಜಿನಿಯರ್ ಒಬ್ಬರನ್ನು ದಿನಗೂಲಿಗೆ ಕರೆಸಿ, ಪ್ರತಿ 50 ಅಡಿಗೆ ಅಂಕಿ ಬರೆಸಿಕೊಳ್ಳಿ. ನೆಲದೊಳಗೆ ಹೋಗುವುದಕ್ಕೆಲ್ಲಾ ಮುಚ್ಚುವ ಮೊದಲೇ ಅಳತೆ ಪಟ್ಟಿ ಇಟ್ಟು ಫೋಟೋ. ಬಂಡೆ ಅಂದರೆ ಒಡೆದ ಕಲ್ಲಿನ ರಾಶಿ ತೋರಿಸು ಅನ್ನಿ, 40 ಅಡಿ ಬಂಡೆ ಒಡೆದರೆ ಕಲ್ಲು ಎಲ್ಲಿಗೆ ಹೋಯಿತು? ನಾನು ಕೇಳಲೇ ಇಲ್ಲ. ಒಂದು ಮಳೆಗಾಲ ಮುಗಿಯುವವರೆಗೂ ಹತ್ತು ಪರ್ಸೆಂಟಾದರೂ ಹಿಡಿದುಕೊಳ್ಳಿ. ಬಿಲ್ ತಗೊಳ್ಳಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು, ನಾವೂ ಹೋಗುತ್ತಿದ್ದೇವೆ, ಆದರೆ ನಗದು ಕೊಟ್ಟ ಅರ್ಧದ ಬಗ್ಗೆ ವಕೀಲರು ಮುಖ ಸಿಂಡರಿಸಿದರು. ಮತ್ತೆ, ಕೆಲಸದ ಹೆಂಗಸು ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ.

ಡುಬ್ಬ ಒಡೆದು ವಾಟ ಸರಿಮಾಡಲು ಈಗ ಬೇರೆಯವರು 2,48,000 ಹೇಳಿದ್ದಾರೆ. ಮನೆಗೆ 4,000. ಭಾನುವಾರ ಮೀಟಿಂಗ್, ಕೇಳಬೇಕಾದವನು ಮತ್ತೆ ನಾನೇ. ಅಲ್ಲಿಯವರೆಗೆ ಗೇಟಿಗೆ ಮರಳಿನ ಮೂಟೆ ಒಟ್ಟಿದ್ದೇವೆ. ಇವತ್ತೂ ಸಂಜೆ ಮೋಡ ಕಟ್ಟಿದೆ.