ರಾಗಿಯಲ್ಲಿ ರೋಗನಿರೋಧಕ ಜೀನ್ ಹುಡುಕಲು ಯಾವುದು ವಾಸಿ: ಬ್ಲಾಸ್ಟ್, ಪಿಫ್ಯಾಮ್, ಸಿಡಿಡಿ, ಇಂಟರ್‌ಪ್ರೊ?

ಬೆಂಕಿ ರೋಗ ರಾಗಿಯ ಎಲೆ, ಕುತ್ತಿಗೆ, ತೆನೆ ಯಾವುದನ್ನೂ ಬಿಡುವುದಿಲ್ಲ. ಅದನ್ನು ತಡೆಯಬಲ್ಲ ಎನ್‌ಬಿಎಸ್-ಎಲ್‌ಆರ್‌ಆರ್ ಜೀನ್‌ಗಳ (ನ್ಯೂಕ್ಲಿಯೋಟೈಡ್ ಹಿಡಿಯುವ ಭಾಗವೂ ಲ್ಯೂಸಿನ್ ಪುನರಾವರ್ತನೆಗಳೂ ಇರುವ ಪ್ರೋಟೀನಿನ ಜೀನ್‌ಗಳು) ಪಟ್ಟಿ ಮಾಡಲು ಎಂಎಲ್-365 ತಳಿಯ ಪ್ರೋಟೀನ್ ಸೀಕ್ವೆನ್ಸ್‌ಗಳ (ಅಮೈನೋ ಆಮ್ಲಗಳ ಸಾಲುಗಳ) ಕಡತದ ಮೇಲೆ ಈ ನಾಲ್ಕು ಕಂಪ್ಯೂಟರ್ ಹುಡುಕಾಟದ ಸಾಧನಗಳನ್ನೂ ಓಡಿಸಿ ನೋಡಿದ್ದೇನೆ. ಈ ತಳಿಯ ಜೀನೋಮನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಪ್ರಕಟಿಸಿತ್ತು. ನನ್ನ ಮತ ಪಿಫ್ಯಾಮ್‌ಗೆ, ಆದರೆ ಪೂರ್ತಿಯಾಗಿ ಅಲ್ಲ.

ಎಲ್ಲರೂ ಮೊದಲು ಕೈ ಹಾಕುವುದು ಬ್ಲಾಸ್ಟ್‌ಗೆ, ಅಂದರೆ ಒಂದು ಸೀಕ್ವೆನ್ಸನ್ನು ಇನ್ನೊಂದರ ಜೊತೆ ನೇರವಾಗಿ ಹೋಲಿಸುವ ಪ್ರೋಗ್ರಾಂಗೆ. ಭತ್ತದಲ್ಲಿ 1999ರಲ್ಲೇ ಕ್ಲೋನ್ ಆದ ಬೆಂಕಿ ರೋಗ ನಿರೋಧಕ ಜೀನ್ ಪೈ-ಬಿಯ ಪ್ರೋಟೀನ್ ಕೊಟ್ಟು ಹುಡುಕಿದರೆ ಹತ್ತಿರದ ನೆಂಟರು ಸಿಗುತ್ತಾರೆ, ದೂರದವರು ತಪ್ಪಿಸಿಕೊಳ್ಳುತ್ತಾರೆ. ಸಾಲದ್ದಕ್ಕೆ ಲ್ಯೂಸಿನ್ ಪುನರಾವರ್ತನೆಗಳ ಹೋಲಿಕೆಯಿಂದ, ಈ ಕುಟುಂಬಕ್ಕೆ ಸಂಬಂಧವೇ ಇಲ್ಲದ ರಿಸೆಪ್ಟರ್ ಕೈನೇಸ್‌ಗಳೂ (ಜೀವಕೋಶದ ಹೊರಗಿನ ಸಂಕೇತ ಹಿಡಿಯುವ ಪ್ರೋಟೀನುಗಳು) ಪಟ್ಟಿಗೆ ನುಗ್ಗುತ್ತವೆ.

ಪಿಫ್ಯಾಮ್ ಕೆಲಸ ಮಾಡುವ ರೀತಿಯೇ ಬೇರೆ. ಒಂದು ಡೊಮೇನಿನ, ಅಂದರೆ ಪ್ರೋಟೀನಿನ ಒಂದು ನಿರ್ದಿಷ್ಟ ಭಾಗದ, ಹಲವಾರು ಸೀಕ್ವೆನ್ಸ್‌ಗಳನ್ನು ಸಾಲಾಗಿ ಜೋಡಿಸಿ, ಯಾವ ಜಾಗದಲ್ಲಿ ಯಾವ ಅಮೈನೋ ಆಮ್ಲ ಕದಲುವುದಿಲ್ಲ, ಎಲ್ಲಿ ಏನು ಬಂದರೂ ನಡೆಯುತ್ತದೆ ಎಂಬ ಲೆಕ್ಕವನ್ನು ಅದು ಎಚ್‌ಎಂಎಂ ಎಂಬ ಸಂಭವನೀಯತೆಯ ಮಾದರಿಯಾಗಿ ಇಟ್ಟಿರುತ್ತದೆ. ನಮಗೆ ಬೇಕಾದ ಎನ್‌ಬಿಎಸ್ ಭಾಗದ ಎನ್‌ಬಿ-ಎಆರ್‌ಸಿ ಡೊಮೇನಿನ ಸಂಖ್ಯೆ ಅಲ್ಲಿ ಪಿಎಫ್‌00931. ಆ ಮಾದರಿ ಇಳಿಸಿಕೊಂಡು ಎಚ್‌ಎಂಎಂಸರ್ಚ್ ಪ್ರೋಗ್ರಾಂ ಓಡಿಸಿದರೆ ಲ್ಯಾಪ್‌ಟಾಪಿನಲ್ಲೇ ನಿಮಿಷಗಳಲ್ಲಿ ಮುಗಿಯುತ್ತದೆ. ಇ-ವ್ಯಾಲ್ಯೂ (ಇಂಥ ಹೋಲಿಕೆ ಆಕಸ್ಮಿಕವಾಗಿ ಎಷ್ಟು ಸಲ ಸಿಗಬಹುದೆಂಬ ಅಂದಾಜು) ಒಂದನ್ನೇ ನೆಚ್ಚಬೇಡಿ. ಕಡತದ ಗಾತ್ರ ಬದಲಾದರೆ ಅದೂ ಬದಲಾಗುತ್ತದೆ. ಪಿಫ್ಯಾಮ್‌ನವರು ಒಂದೊಂದು ಕುಟುಂಬಕ್ಕೂ ಕೂತು ಗೊತ್ತುಮಾಡಿದ ಅಂಕದ ಮಿತಿ ಇದೆ, ಕಟ್-ಜಿಎ ಆಯ್ಕೆ ಕೊಟ್ಟರೆ ಅದು ಅನ್ವಯವಾಗುತ್ತದೆ.

ಹಿಟ್‌ಗಳ, ಅಂದರೆ ಸಿಕ್ಕ ಪ್ರೋಟೀನುಗಳ, ಜೋಡಣೆಯನ್ನು ಒಮ್ಮೆ ಕಣ್ಣಲ್ಲೇ ನೋಡುವುದು ಒಳ್ಳೆಯದು. ಡೊಮೇನ್ ಶುರುವಾಗುತ್ತಲೇ ಜಿಎಂಜಿಜಿವಿಜಿಕೆಟಿಟಿ (ಒಂದೊಂದು ಅಕ್ಷರ ಒಂದೊಂದು ಅಮೈನೋ ಆಮ್ಲ) ಅಥವಾ ಅದಕ್ಕೆ ಹತ್ತಿರದ ತುಣುಕು ಸಾಲುಸಾಲಾಗಿ ಕಾಣಬೇಕು. ಎಟಿಪಿ ಎಂಬ ಶಕ್ತಿಯ ಅಣುವನ್ನು ಹಿಡಿಯುವ ಪಿ-ಲೂಪ್ ಅದು. ಅದಿಲ್ಲದ ಹಿಟ್ ಕಂಡರೆ ಜೀನ್ ಮುರಿದಿರಬಹುದು, ಇಲ್ಲವೇ ಜೀನ್ ಗುರುತಿಸಿದ ಪ್ರೋಗ್ರಾಂ ಎಡವಿರಬಹುದು. ಟಿಐಆರ್ ಎಂಬ ಇನ್ನೊಂದು ಡೊಮೇನ್ ಜೊತೆಗಿನ ಎನ್‌ಬಿಎಸ್-ಎಲ್‌ಆರ್‌ಆರ್ ಹುಲ್ಲಿನ ಜಾತಿಯ ಬೆಳೆಗಳಲ್ಲಿ ಇರುವುದಿಲ್ಲ, ರಾಗಿಯಲ್ಲಿ ಸಿಕ್ಕಿತೆಂದರೆ ಮೊದಲು ಬೇರೆ ಜೀವಿಯ ಡಿಎನ್‌ಎ ಕಲಬೆರಕೆಯನ್ನೇ ಅನುಮಾನಿಸಿ.

ಪಿಫ್ಯಾಮ್ ಸೋಲುವುದು ಎಲ್‌ಆರ್‌ಆರ್ ಭಾಗದಲ್ಲಿ. ಒಂದೊಂದು ಪುನರಾವರ್ತನೆ ಇಪ್ಪತ್ತು-ಮೂವತ್ತು ಅಮೈನೋ ಆಮ್ಲದಷ್ಟೇ ಚಿಕ್ಕದು, ಅಂಕ ಮಿತಿ ಮುಟ್ಟುವುದಿಲ್ಲ. ಆಗ ಹಲವು ಕಡೆಯ ಡೊಮೇನ್ ಮಾದರಿಗಳನ್ನು ಒಟ್ಟುಗೂಡಿಸಿದ ಸಿಡಿಡಿಗೆ ಹೋಗುತ್ತೇನೆ. ಅದರಲ್ಲಿ ಪಿಫ್ಯಾಮ್ ಮತ್ತು ಸ್ಮಾರ್ಟ್ ಎಂಬ ಇನ್ನೊಂದು ಸಂಗ್ರಹ, ಎರಡರ ಮಾದರಿಗಳೂ ಸೇರಿವೆ, ಚಿತ್ರವೂ ಸ್ಪಷ್ಟ. ಅನುಮಾನದ ಪ್ರೋಟೀನುಗಳ ತಪಾಸಣೆಗೆ ಹೇಳಿಮಾಡಿಸಿದ್ದು. ಇಡೀ ಜೀನೋಮಿಗೆ ಬ್ರೌಸರಿನಲ್ಲಿ ಕೂತು ಮಾಡುವುದು ಬೇಸರದ ಕೆಲಸ.

ಪಿಫ್ಯಾಮಿನ ಹಳೆಯ ವೆಬ್‌ಸೈಟ್ 2023ರಲ್ಲಿ, ಹಲವು ಡೊಮೇನ್ ಸಂಗ್ರಹಗಳನ್ನು ಒಂದೆಡೆ ತರುವ ಇಂಟರ್‌ಪ್ರೊ ಒಳಗೆ ಸೇರಿಹೋಗಿದೆ. ಇಂಟರ್‌ಪ್ರೊದ ಹುಡುಕಾಟದ ಪ್ರೋಗ್ರಾಂ ಇಂಟರ್‌ಪ್ರೊಸ್ಕ್ಯಾನ್ ಎಲ್ಲವನ್ನೂ ಹೇಳುತ್ತದೆ, ಅದೇ ಅದರ ತಲೆನೋವು: ಒಂದೇ ಡೊಮೇನಿಗೆ ಪಿಫ್ಯಾಮ್, ಪ್ಯಾಂಥರ್, ಜೀನ್‌3ಡಿ, ಸೂಪರ್‌ಫ್ಯಾಮಿಲಿ ಎಂದು ಸಾಲು ಮೇಲೆ ಸಾಲು. ಓಡಿಸಲು ಒಳ್ಳೆಯ ಸರ್ವರ್ ಬೇಕು. ಆದರೆ ಈ ಕುಟುಂಬದ ಹಲವು ಪ್ರೋಟೀನುಗಳ ಮುಂತುದಿಯಲ್ಲಿರುವ, ಸುರುಳಿಗಳು ಹೆಣೆದುಕೊಂಡ ಕಾಯಿಲ್ಡ್-ಕಾಯಿಲ್ ಭಾಗ ಗುರುತಿಸುವ ಕಾಯಿಲ್ಸ್ ಪ್ರೋಗ್ರಾಂ ಅದರ ಜೊತೆಗೇ ಬರುತ್ತದೆ. ಹಾಗಾಗಿ ಪಿಫ್ಯಾಮಿನಲ್ಲಿ ಸೋಸಿ ಉಳಿದ ಪ್ರೋಟೀನುಗಳನ್ನಷ್ಟೇ ಅದಕ್ಕೆ ಕೊಡುತ್ತೇನೆ.